ಮಲೆನಾಡಿನ ಬಚ್ಚಲಿಗೆ ಯಾವುದು: ಹಂಡೆ ಒಲೆ, ಸೋಲಾರ್, ಗೀಸರ್?

ನಾಲ್ಕು ಜನರ ಮನೆಗೆ ದಿನಕ್ಕೆ 100 ಲೀಟರ್ ಬಿಸಿನೀರು ಎಂದಿಟ್ಟುಕೊಳ್ಳಿ. 22 ಡಿಗ್ರಿಯ ಬಾವಿನೀರು 52ಕ್ಕೆ ಏರಬೇಕಾದರೆ 3.5 ಯೂನಿಟ್ಟಿನಷ್ಟು ಶಾಖ ಬೇಕೇ ಬೇಕು. ಅದು ಬೆಟ್ಟದ ಸೌದೆಯಿಂದ ಬರುತ್ತದೋ, ಬಿಸಿಲಿನಿಂದಲೋ, ಕರೆಂಟಿನಿಂದಲೋ, ನೋಡಬೇಕಾದ್ದು ಇಷ್ಟೇ.

ಅಕ್ಟೋಬರಿನಿಂದ ಮೇವರೆಗೆ ಸೋಲಾರಿಗೆ ಸಮ ಇನ್ನೊಂದಿಲ್ಲ. ಫಲಕ ದಕ್ಷಿಣಕ್ಕೆ ಮುಖ ಮಾಡಿರಲಿ, ಬೆಳಿಗ್ಗೆ 9ರಿಂದ 3ರವರೆಗೆ ಅಡಿಕೆ ಮರದ ನೆರಳು ಬೀಳದಿರಲಿ. ತೆಂಗಿನ ಗರಿ ಬೀಳುವ ಜಾಗವಂತೂ ಬೇಡವೇ ಬೇಡ: ಒಂದು ಗಾಜಿನ ಕೊಳವೆ ಒಡೆದರೆ ಟ್ಯಾಂಕಿನ ನೀರೆಲ್ಲ ಮಾಡಿನ ಮೇಲೆ ಹರಿದುಹೋಗುತ್ತದೆ. ಮುಕ್ಕಾಲು ಇಂಚಿನ ಪೈಪು 15 ಮೀಟರ್ ಇದ್ದರೆ ಮೊದಲು ಸುಮಾರು 4 ಲೀಟರ್ ತಣ್ಣೀರೇ ಬರುತ್ತದೆ, ಬಕೆಟ್ಟಿಗೆ ಹಿಡಿದಿಡಿ. ಮಳೆಗಾಲದಲ್ಲಿ, ಅದರಲ್ಲೂ ಆಗುಂಬೆ, ಹೊಸನಗರದ ಕಡೆ, ಇದನ್ನು ನಂಬಿ ಕೂರಲಾಗದು. ಟ್ಯಾಂಕಿನೊಳಗಿನ ಕರೆಂಟಿನ ಕಾಯಿಲ್ ಹಾಕಿಬಿಟ್ಟರೆ ಅದು ದೊಡ್ಡ ಗೀಸರೇ.

ಆಗ ಹಂಡೆ ಒಲೆ. ತೆರೆದ ಹಳೇ ಒಲೆಗೆ ಇಷ್ಟು ನೀರಿಗೆ ಐದಾರು ಕಿಲೊ ಒಣ ಸೌದೆ ಬೇಕು. ಉರಿ ಹಂಡೆಯ ಪಕ್ಕದಿಂದಲೇ ಹೊರಗೆ ಹೋಗುತ್ತದೆ. ಹಂಡೆಯನ್ನು ಕುತ್ತಿಗೆವರೆಗೂ ಮಣ್ಣುಗೋಡೆಯೊಳಗೆ ಕೂರಿಸಿ, ಸುತ್ತ ಎರಡು ಬೆರಳು ಸಂದು ಬಿಟ್ಟು, ಅಡಿಗೆ ಕಬ್ಬಿಣದ ಜಾಲರಿ, ಹಿಂದೆ ಹೊಗೆಕೊಳವೆ ಇಟ್ಟರೆ ಸೌದೆ ಬಹಳ ಉಳಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯ ಹಿಂದಿರುವ ಲೆಕ್ಕವೂ ಇದೇ: ಉರಿ ಪಾತ್ರೆಗೆ ತಾಗಿಕೊಂಡೇ ಸಾಗಬೇಕು.

ಸೌದೆಗೆ ಬೆಟ್ಟಕ್ಕೆ ಹೋಗುವ ಮುಂಚೆ ಅಡಿಕೆ ಸಿಪ್ಪೆ ಮುಗಿಸಿ. ಅದು ಬೇಗ ಕೊಳೆಯುವುದಿಲ್ಲ, ಉರಿಸಿದರೆ ನಷ್ಟವಿಲ್ಲ. ಸೋಗೆ ಮಾತ್ರ ಬೇಡ, ಅದು ತೋಟದ ಬುಡದ ಮುಚ್ಚಿಗೆಗೆ ಇರಲಿ. ಸಿಪ್ಪೆಯನ್ನು ಏಪ್ರಿಲಿನಲ್ಲೇ ಒಣಗಿಸಿ ಅಟ್ಟಕ್ಕೇರಿಸಬೇಕು. ಹಸಿ ಸಿಪ್ಪೆ ಹಾಕಿದರೆ ಹಂಡೆಯ ತಳಕ್ಕೆ ಡಾಂಬರಿನಂಥ ಜಿಗುಟು ಮಸಿ ಹತ್ತಿ, ಎಷ್ಟು ಉರಿ ಮಾಡಿದರೂ ನೀರು ಬೇಗ ಕಾಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಕರಟದಲ್ಲಿ ಕೆರೆಯಿರಿ.

ಗೀಸರ್ ಬಿಸಿಲೂ ಒಲೆಯೂ ಇಲ್ಲದ ಪೇಟೆ ಮನೆಗೆ ಸರಿ. 15 ಲೀಟರಿನ, 2 ಕಿಲೋವ್ಯಾಟಿನದಕ್ಕೆ ಸುಮಾರು 16 ನಿಮಿಷ, ಅರ್ಧ ಯೂನಿಟ್. ತಣ್ಣೀರು ಬೆರೆಸಿದರೆ ಹದವಾದ 25 ಲೀಟರ್ ನೀರು. ವೋಲ್ಟೇಜ್ 180ಕ್ಕೆ ಇಳಿದರೆ ಅದೇ ನೀರಿಗೆ 26 ನಿಮಿಷ ಹಿಡಿಯುತ್ತದೆ. ಮಳೆಗೆ ಲೈನಿನ ಮೇಲೆ ಮರ ಬಿದ್ದ ದಿನ ಅದೂ ಇಲ್ಲ.

ಮನೆಯಲ್ಲಿ ಜಾಗವಿದ್ದರೆ ನಮ್ಮ ಆಯ್ಕೆ ಸೋಲಾರ್ ಮತ್ತು ಮುಚ್ಚಿದ ಹಂಡೆ ಒಲೆ ಎರಡೂ. ಸೋಲಾರ್ ಕೂರಿಸುವಾಗ ಬಚ್ಚಲಿನ ಪೈಪನ್ನು ಹಂಡೆಯ ಮೇಲೂ ಒಂದು ನಲ್ಲಿ ಬರುವಂತೆ ಎಳೆಸಿ. ಮೋಡದ ದಿನ ಉಗುರುಬೆಚ್ಚಗಿನ ನೀರನ್ನೇ ಹಂಡೆಗೆ ಬಿಟ್ಟರೆ ಸಿಪ್ಪೆ ಕಡಿಮೆ ಸಾಕು.