ಕ್ರಾಲರ್‌ಗೆ ಕಾರ್ಬನ್ ಎಲ್‌ಸಿಜಿ ಚಾಸಿ: ಮೂರು ತಿಂಗಳು ಬಂಡೆ ಮೇಲೆ ಓಡ್ಸಿದ್ಮೇಲೆ

ನನ್ ಹತ್ರ ಇರೋದು ಒಂದು ಕ್ರಾಲರ್, ಅಂದ್ರೆ ಬಂಡೆ ಹತ್ತಿಸೋಕೆ ಅಂತಾನೇ ಮಾಡಿರೋ ರಿಮೋಟ್ ಕಂಟ್ರೋಲ್ ಆಟದ ಗಾಡಿ. ಆಕ್ಸಿಯಲ್ ಕಂಪನಿಯ ಎಸ್ಸಿಎಕ್ಸ್ ಟೆನ್ ಟು, 2016ರಲ್ಲಿ ಬಂದ ಮಾಡೆಲ್ಲು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಚಾಸಿಗೆ ಸ್ಟೀಲಿನ ಸಿ ಚಾನಲ್ ರೈಲು, ಅಂದ್ರೆ ಉದ್ದಕ್ಕೆ ಎರಡು ಪಟ್ಟಿ, ಗಟ್ಟಿಮುಟ್ಟು ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆಸೆಗೆ ರೂಫ್ ರ್‍ಯಾಕು, ಸ್ಪೇರ್ ಟೈರು, ಲೈಟ್ ಬಾರು ಅಂತ ನಾನೇ ಒಂದೊಂದಾಗಿ ಮೇಲೆ ಹೇರ್ತಾ ಹೋದೆ, ದೊಡ್ಡ ಬ್ಯಾಟರೀನೂ ರೈಲ್ ಮೇಲೇ ಇಟ್ಟೆ, ಹಂಗಾಗಿ ನೇರ ಹತ್ತೋದಾದ್ರೆ ಸಲೀಸು, ಅಡ್ಡ ಇಳಿಜಾರು ಸಿಕ್ತು ಅಂದ್ರೆ ಮಗುಚ್ಕೊಂಡು ಬೀಳೋದು. ಮಧುಗಿರಿ ಕಡೆ ನಮ್ಮ ಮಾವನ ಹೊಲದ ಹಿಂದೆ ಒಂದು ಬಂಡೆ ಇದೆ, ಮಳೆನೀರು ಹರಿದು ಹರಿದು ಕಪ್ಪು ಗೆರೆ ಬಿದ್ದಿದೆ, ಅದರ ಹೊಟ್ಟೇಲಿ ಒಂದೂವರೆ ಗೇಣಗಲದ ಓರೆ ದಾರಿ. ಕೆಳಗಡೆ ಚಕ್ರ ಅಲ್ಲಿರೋ ಸೀಳಿಗೆ ಇಳೀತಿದ್ದಂಗೆ ಮೇಲಿನ ಮುಂದಿನ ಚಕ್ರ ಗಾಳೀಲಿ ಎದ್ದು, ಒಂದು ಸೆಕೆಂಡ್ ಹಂಗೇ ನಿಂತು, ಆಮೇಲೆ ಗಾಡಿ ಪೂರ್ತಿ ಉರುಳೋದು. ಒಂದು ವರ್ಷ ಆ ಒಂದು ಜಾಗ ದಾಟಕ್ಕೆ ಆಗ್ಲಿಲ್ಲ.

ಅದಕ್ಕೇ ಈ ಎಲ್‌ಸಿಜಿ ಚಾಸಿ. ಭಾರದ ನಡು ಕೆಳಗೆ ಇರೋ ಹಂಗೆ ಮಾಡಿರೋ ಚಾಸಿ ಅಂತ ಅರ್ಥ. ಹೊಟ್ಟೆ ಕೆಳಗಿನ ಸ್ಕಿಡ್ ಪ್ಲೇಟ್ ನೆಲದಿಂದ ಎಷ್ಟು ಎತ್ತರ ಇತ್ತೋ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಅದರ ಮೇಲಿರೋ ಬ್ಯಾಟರಿ, ಮೋಟ್ರು, ಇಎಸ್‌ಸಿ (ಮೋಟ್ರು ವೇಗ ನಿಯಂತ್ರಿಸೋ ಸರ್ಕ್ಯೂಟು), ಬಾಡಿ ಎಲ್ಲಾ ಕೆಳಗಿಳಿದು ಮುಂದಕ್ಕೆ ಸರಿಯುತ್ತೆ. ಹತ್ತೋವಾಗ ಭಾರ ತಾನಾಗೇ ಹಿಂದಕ್ಕೆ ವಾಲುತ್ತೆ, ಅದಕ್ಕೇ ಮುಂದಿನ ಆಕ್ಸಲ್ ಮೇಲೆ ನೂರಕ್ಕೆ ಅರವತ್ತರಷ್ಟು ಇರ್ಲಿ ಅಂತ ಕ್ರಾಲರ್ ಓಡ್ಸೋರು ಹೇಳೋದು.

ಆನ್‌ಲೈನಲ್ಲಿ ತರಿಸಿದ್ದು, ಎಲ್ಲಾ ಸೇರಿ 5,200 ರೂಪಾಯಿ, ಮಾರಿದವರ ಹೆಸರು ಬೇಡ. 3 ಎಂಎಂ ಕಾರ್ಬನ್ ಪ್ಲೇಟು ಎರಡು, ಡೆಲ್ರಿನ್ ಅನ್ನೋ ನುಣುಪು ಪ್ಲಾಸ್ಟಿಕ್ಕಿನ ಸ್ಕಿಡ್ಡು, ಅಲ್ಯುಮಿನಿಯಂ ಅಡ್ಡಪಟ್ಟಿ, ಸ್ಕ್ರೂ ಪ್ಯಾಕೆಟ್ಟು. ಪ್ಲೇಟಿನ ಕಟಿಂಗ್ ನಿಜಕ್ಕೂ ಚೆನ್ನಾಗಿದೆ, ಆದ್ರೆ ಸ್ಕಿಡ್ ಕೂರಿಸೋಕೆ ಪ್ಲೇಟಲ್ಲಿರೋ ಎರಡು ತೂತು ಅರ್ಧ ಎಂಎಂ ಆಚೆ, ಸಣ್ಣ ಅರದಲ್ಲಿ ಉಜ್ಜಿ ಸರಿ ಮಾಡ್ಬೇಕಾಯ್ತು. ಕಾರ್ಬನ್ ಉಜ್ಜೋವಾಗ ಮಾಸ್ಕ್ ಹಾಕ್ಕೊಳಿ, ನೀರು ಹಚ್ಕೊಂಡೇ ಉಜ್ಜಿ, ಆ ಪುಡಿ ಉಸಿರಲ್ಲಿ ಒಳಗೆ ಹೋಗ್ಬಾರ್ದು. ಉಜ್ಜಿದ ಅಂಚಿಗೆ ತೆಳ್ಳಗೆ ಸೂಪರ್ ಗ್ಲೂ ಸವರಿದ್ರೆ ಪದರ ಬಿಡಲ್ಲ.

ನನಗೆ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಮೊದಲಿದ್ದ ಸೆಟಪ್‌ನಲ್ಲಿ ಸರ್ವೋ, ಅಂದ್ರೆ ಮುಂದಿನ ಚಕ್ರ ತಿರುಗಿಸೋ ಪುಟ್ಟ ಮೋಟ್ರು, ಚಾಸಿ ಮೇಲೇ ಕೂರುತ್ತೆ, ಮುಂದಿನ ಆಕ್ಸಲ್ಲು ಮೂರು ಲಿಂಕು (ಚಾಸಿಗೆ ಆಕ್ಸಲ್ ಸೇರಿಸೋ ಸರಳು) ಜೊತೆಗೆ ಅಡ್ಡಕ್ಕೆ ಹಿಡಿಯೋ ಒಂದು ಪ್ಯಾನ್‌ಹಾರ್ಡ್ ರಾಡ್ ಮೇಲೆ ನಿಂತಿರುತ್ತೆ. ಈ ಪ್ಲೇಟಲ್ಲಿ ಸರ್ವೋಗೆ ಜಾಗನೇ ಇಲ್ಲ, ಆಕ್ಸಲ್ ಮೇಲೇ ಕೂರಿಸ್ಬೇಕು, ಪ್ಯಾನ್‌ಹಾರ್ಡ್ ಹೋದ್ಮೇಲೆ ಆಕ್ಸಲ್ಲು ಎಡಕ್ಕೂ ಬಲಕ್ಕೂ ಜಾರದಂಗೆ ಮೇಲಿನ ಎರಡು ಲಿಂಕನ್ನ ಓರೆಯಾಗಿ ಹಾಕಿ ನಾಲ್ಕು ಲಿಂಕ್ ಮಾಡ್ಬೇಕು. ಇದನ್ನ ಪ್ರಾಡಕ್ಟ್ ಪೇಜಲ್ಲಿ ಒಂದು ಸಾಲು ಬರ್ದಿಲ್ಲ. ಸರ್ವೋ ಮೌಂಟು, ಲಿಂಕು ಅಂತ ಇನ್ನೊಂದು 1,400 ಖರ್ಚು, ಎರಡು ವಾರ ಕಾಯ್ದೆ, ಗಾಡಿ ಬಿಚ್ಚಿ ಟೇಬಲ್ ಮೇಲೇ ಬಿದ್ದಿತ್ತು. ಇಷ್ಟು ಮುಖ್ಯವಾದ ವಿಷಯ ಮುಚ್ಚಿಟ್ಟು ಮಾರೋದು ತಪ್ಪು.

ಜೋಡ್ಸೋವಾಗ ನೆನಪಿಡ್ಬೇಕಾದ್ದು ಎರಡು. ಸ್ಕ್ರೂ ಸಡಿಲ ಆಗದಂಗೆ ಹಚ್ಚೋ ನೀಲಿ ಥ್ರೆಡ್‌ಲಾಕ್ ಅಂಟು ಲೋಹಕ್ಕೆ ಲೋಹ ಸೇರೋ ಕಡೆ ಮಾತ್ರ, ಪ್ಲಾಸ್ಟಿಕ್‌ಗೆ ತಾಗಿದ್ರೆ ಅದು ಬಿರುಕು ಬಿಡುತ್ತೆ. ಇನ್ನೊಂದು, ಕಾರ್ಬನ್ನಲ್ಲಿ ಕರೆಂಟ್ ಹರಿಯುತ್ತೆ, ವೈರ್ ಉಜ್ಜೋ ಜಾಗಕ್ಕೆಲ್ಲ ಟೇಪ್ ಸುತ್ತಿ, ರಿಸೀವರ್ ಆಂಟೆನಾನ ಪ್ಲೇಟಿಗೆ ಅಂಟಿಸ್ಬೇಡಿ, 2.4 ಗಿಗಾಹರ್ಟ್ಸ್ ಸಿಗ್ನಲ್ ತಡೆಯುತ್ತೆ. ನಾನು ಸ್ಟ್ರಾ ಒಳಗೆ ತೂರಿಸಿ ಮೇಲಕ್ಕೆ ನಿಲ್ಸಿದೀನಿ.

ಬಾಡಿ ಕೂರಿಸೋ ಕಂಬ, ಅಂದ್ರೆ ಬಾಡಿ ಪೋಸ್ಟ್, ಕಿಟ್‌ನಲ್ಲಿ ಬಂದಿದ್ದು ಉದ್ದ ಸಾಲ್ದು, ಹಳೇದನ್ನೇ ಕತ್ತರಿಸಿ ಹಾಕ್ದೆ.

ಈಗ ಲೆಕ್ಕ. ಅಡುಗೆಮನೆ ತಕ್ಕಡಿ ಮೇಲೆ ಮುಂದಿನ ಚಕ್ರ, ಅಷ್ಟೇ ಎತ್ತರಕ್ಕೆ ಪುಸ್ತಕ ಜೋಡ್ಸಿ ಹಿಂದಿನ ಚಕ್ರ ಇಟ್ಟು ತೂಗಿದೆ, ಆಮೇಲೆ ತಿರುಗಿಸಿಟ್ಟು ಇನ್ನೊಂದ್ಸಲ. ಮೊದಲು ಮುಂದೆ 1,400 ಗ್ರಾಂ ಹಿಂದೆ 1,250 ಇದ್ದಿದ್ದು ಈಗ 1,470 ಮತ್ತು 940. ಹಲಗೆ ಮೇಲೆ ಅಡ್ಡ ನಿಲ್ಸಿ ನಿಧಾನಕ್ಕೆ ಎತ್ತುತ್ತಾ ಮೊಬೈಲಲ್ಲಿ ಕೋನ ನೋಡಿದ್ರೆ ಮೊದಲು 41 ಡಿಗ್ರಿಗೆ ಮಗುಚ್ತಿತ್ತು, ಈಗ 52. ರೂಫ್ ರ್‍ಯಾಕ್ ತೆಗ್ದಿದ್ದೂ ಇದರಲ್ಲಿ ಸೇರಿದೆ, ಪೂರ್ತಿ ಕ್ರೆಡಿಟ್ ಚಾಸಿಗೆ ಕೊಡಕ್ಕಾಗಲ್ಲ.

ಮೊದಲನೇ ಭಾನುವಾರ ಅಕ್ಕನ ಮಗನ್ನ ಕರ್ಕೊಂಡು ಅದೇ ಬಂಡೆಗೆ ಹೋದೆ. ಕೆಳಗಿನ ಚಕ್ರ ಸೀಳಿಗೆ ಇಳೀತು, ಮೇಲಿನದು ಸ್ವಲ್ಪ ಹಗುರಾಯ್ತು, ಎದ್ದೇಳ್ಲಿಲ್ಲ, ಡೆಲ್ರಿನ್ ಸ್ಕಿಡ್ಡು ಕಲ್ಲಿನ ಮೇಲೆ ಸರ್ರಂತ ಜಾರಿ ಗಾಡಿ ಆಚೆ ಕಡೆ ಬಂತು. ಹುಡುಗ "ಮಾಮಾ ಹೋಯ್ತು, ಹೋಗೇಬಿಡ್ತು!" ಅಂತ ಕುಣಿದಾಡ್ದ, ನಂಗೂ ಕಣ್ಣು ತುಂಬ್ತು.

ನೋಡಕ್ಕೆ ಅಸಲಿ ಜೀಪ್ ಥರಾನೇ ಇರ್ಬೇಕು, ಒಳಗೆ ಸೀಟು ಡ್ಯಾಶ್‌ಬೋರ್ಡು ಬೇಕು ಅನ್ನೋರು ಇದನ್ನ ತಗೋಬೇಡಿ, ಬ್ಯಾಟರಿ ಕೂತ್ಮೇಲೆ ಇಂಟೀರಿಯರ್‌ಗೆ ಜಾಗ ಉಳಿಯಲ್ಲ. ಕಷ್ಟದ ಬಂಡೆ ಹತ್ತೋದೇ ಖುಷಿ ಅನ್ನೋರಿಗೆ 6,600 ರೂಪಾಯಿ ಲೆಕ್ಕ ಇಟ್ಕೊಂಡು ಧಾರಾಳವಾಗಿ ತಗೊಳಿ ಅಂತೀನಿ, ಮೋಟ್ರು ದೊಡ್ಡದು ಮಾಡೋಕೆ ಮುಂಚೆನೇ. ಹೋದ ವಾರ ಬಲಗಡೆ ಶಾಕ್ ಅಬ್ಸಾರ್ಬರ್ ಸಿಕ್ಕಿಸೋ ಟವರ್ ಹತ್ರ ಉಗುರಿನಷ್ಟು ಬಿಳಿ ಗೀರು ಕಾಣಿಸ್ತು, ಪದರ ಬಿಟ್ಟಿಲ್ಲ, ಒಂದು ಹನಿ ಗ್ಲೂ ಬಿಟ್ಟಿದೀನಿ. ಜಾಸ್ತಿ ಆದ್ರೆ ಇಲ್ಲೇ ಅಪ್‌ಡೇಟ್ ಮಾಡ್ತೀನಿ.