ಡೀಸೆಲ್ ಟ್ಯಾಂಕನ್ನು ಅರ್ಧ ಖಾಲಿ ಬಿಡಬೇಡಿ: ಜನರೇಟರ್ ಇಟ್ಟುಕೊಂಡಿರುವ ತೋಟದವರ ಗಮನಕ್ಕೆ

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಕಳೆದ ಡಿಸೆಂಬರಿನಲ್ಲಿ, ಅರೇಬಿಕಾ ಕಾಫಿ ಕೊಯ್ಲು ಜೋರಾಗಿದ್ದ ವಾರ, ಸಂಜೆ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಣ್ಣು ಸುರಿಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆ ಇದ್ದುದರಿಂದ ಆ ದಿನವೇ ತರಿಸಿದ್ದ 60 ಲೀಟರ್ ಸುರಿದು ಜನರೇಟರ್ ಚಾಲೂ ಮಾಡಿದೆವು. ಇಪ್ಪತ್ತು ನಿಮಿಷ ಸರಿಯಾಗಿ ಓಡಿದ ಎಂಜಿನ್ ಆಮೇಲೆ ದನಿ ಏರಿಳಿಸತೊಡಗಿ, ಬಿಳಿ ಹೊಗೆ ಬಿಟ್ಟು, ಲೋಡ್ ತಾಳಲಾರದೆ ನಿಂತಿತು. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪ್ ಮಾಡದಿದ್ದರೆ ರಾಶಿ ಬಿಸಿಯೇರಿ ಹುಳಿಯುತ್ತದೆ ಎಂಬುದು ತೋಟದವರಿಗೆಲ್ಲ ಗೊತ್ತಿರುವ ವಿಷಯ. ಆ ರಾತ್ರಿಯ ಹಣ್ಣಷ್ಟನ್ನೂ ಮರುದಿನ ಪಾರ್ಚ್‌ಮೆಂಟ್ (ಪಲ್ಪ್ ಮಾಡಿ ಒಣಗಿಸಿದ ಬೀಜ) ಆಸೆ ಬಿಟ್ಟು, ಸಿಪ್ಪೆಸಮೇತ ಒಣಗಿಸುವ ಚೆರಿಯಾಗಿ ಕಣದಲ್ಲಿ ಹರವಬೇಕಾಯಿತು.

ಹೊಸ ಡೀಸೆಲ್ ಹಾಕಿದ ಕೂಡಲೇ ಹೀಗಾದ್ದರಿಂದ ನನ್ನ ಸಂಶಯವೆಲ್ಲ ಬಂಕಿನ ಮೇಲೆ ಹೋಯಿತು. ಆದರೆ ಕ್ಯಾನಿನಲ್ಲಿ ಉಳಿದಿದ್ದ ಡೀಸೆಲನ್ನು ಮೆಕ್ಯಾನಿಕ್ ಗಾಜಿನ ಬಾಟಲಿಗೆ ತುಂಬಿ ಒಂದು ಗಂಟೆ ಅಲುಗಾಡದಂತೆ ಇಟ್ಟು ತೋರಿಸಿದಾಗ ಅದು ತಳದವರೆಗೂ ತಿಳಿಯಾಗಿತ್ತು. ಬಳಿಕ ಅವರು ಕೇಳಿದ್ದು ಒಂದೇ ಪ್ರಶ್ನೆ: "ಟ್ಯಾಂಕಿನ ಡ್ರೈನ್ ಪ್ಲಗ್ ಕೊನೇ ಸಲ ಯಾವಾಗ ಬಿಚ್ಚಿದ್ದು ಸಾರ್?" ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ. ಬಿಚ್ಚಿದಾಗ ಮೊದಲು ಬಂದದ್ದು ಡೀಸೆಲ್ ಅಲ್ಲ. ಸುಮಾರು ಅರ್ಧ ಲೀಟರ್ ತುಕ್ಕು ಬಣ್ಣದ ನೀರು, ಅದರ ಹಿಂದೆಯೇ ಕಪ್ಪು ಲೋಳೆ.

ಆ ನೀರು ಎಲ್ಲಿಂದ ಬಂತೆಂದು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಮಳೆಗಾಲವಿಡೀ ಕರೆಂಟ್ ಹೋದಾಗಲೆಲ್ಲ ಓಡಿಸಿ, ಸೆಪ್ಟೆಂಬರ್ ಕೊನೆಗೆ 100 ಲೀಟರ್ ಟ್ಯಾಂಕಿನಲ್ಲಿ 30 ಲೀಟರ್ ಮಾತ್ರ ಉಳಿದಿತ್ತು. ಪಲ್ಪಿಂಗ್ ಶುರುವಾದಾಗ ತುಂಬಿಸಿದರಾಯಿತು, ಈಗಲೇ ದುಡ್ಡು ಹಾಕುವುದೇಕೆ ಎಂದು ಹಾಗೆಯೇ ಬಿಟ್ಟಿದ್ದೆ. ಹಿಂದಿನ ವರ್ಷಗಳಲ್ಲೂ ನಾನು ಮಾಡಿದ್ದು ಅದನ್ನೇ. ಡೀಸೆಲ್ ಇಲ್ಲದ ಆ 70 ಲೀಟರ್ ಜಾಗದಲ್ಲಿ ಇರುವುದು ಮಲೆನಾಡಿನ ತೇವ ತುಂಬಿದ ಗಾಳಿ. ಹಗಲು ತಗಡಿನ ಶೆಡ್ ಕಾದಾಗ ಟ್ಯಾಂಕಿನ ಗಾಳಿ ಹಿಗ್ಗಿ ಉಸಿರುಗೊಳವೆಯ ಮೂಲಕ ಹೊರಗೆ ಹೋಗುತ್ತದೆ. ರಾತ್ರಿ ಮಂಜು ಬಿದ್ದು ತಣ್ಣಗಾದಾಗ ಹೊಸ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ತೇವ ತಂಪಾದ ಗೋಡೆಗೆ ತಾಗಿ, ತಣ್ಣೀರಿನ ಲೋಟ ಬೆವರುವಂತೆಯೇ ಹನಿಗಟ್ಟಿ ಕೆಳಗಿಳಿಯುತ್ತದೆ. ನೀರು ಡೀಸೆಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ, ಮೇಲೆ ಡೀಸೆಲ್ ಮುಚ್ಚಿಕೊಂಡಿರುವುದರಿಂದ ಮತ್ತೆ ಆವಿಯಾಗಿ ಹೋಗಲಾರದು.

ಇಷ್ಟರಿಂದ ಎಷ್ಟು ನೀರಾದೀತು ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ತೇವದಿಂದ ಪೂರ್ತಿ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ನೀರಿದ್ದರೆ 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ ಉಳಿಯುತ್ತದೆ. ಈ ಲೆಕ್ಕದಲ್ಲಿ 70 ಲೀಟರ್ ಜಾಗದಿಂದ ಒಂದು ರಾತ್ರಿಗೆ ಒಂದು ಗ್ರಾಂ ಕೂಡ ಬಾರದು. ಕಣ್ಣಿಗೆ ಕಾಣದಷ್ಟು ಕಡಿಮೆ ಎಂಬ ಕಾರಣಕ್ಕೇ ನಾವು ಇದನ್ನು ಅಲಕ್ಷಿಸುತ್ತೇವೆ. ಆದರೆ ಬಂದದ್ದು ಹೊರಗೆ ಹೋಗುವುದಿಲ್ಲ, ನಾಲ್ಕು ವರ್ಷಗಳಲ್ಲಿ ರಾತ್ರಿಗಳೂ ಕಡಿಮೆಯಲ್ಲ. ನಮ್ಮಲ್ಲಿ ಇನ್ನೊಂದು ದಾರಿಯೂ ಇತ್ತೆಂಬುದನ್ನು ಮುಚ್ಚಿಡಲಾರೆ. ಡೀಸೆಲ್ ಬ್ಯಾರಲ್ ಶೆಡ್ಡಿನ ಹೊರಗೆ ನೆಟ್ಟಗೆ ನಿಂತಿರುತ್ತಿತ್ತು. ಅದರ ತಲೆಯ ಮೇಲೆ ನಿಂತ ಮಳೆನೀರನ್ನು ಬ್ಯಾರಲ್ ತಣ್ಣಗಾಗುವಾಗ ಮುಚ್ಚಳದ ಸಂದಿನಿಂದ ಒಳಗೆ ಹೀರಿಕೊಳ್ಳುತ್ತದೆ. ಅರ್ಧ ಲೀಟರಿನಲ್ಲಿ ಟ್ಯಾಂಕ್ ಬೆವರಿದ್ದೆಷ್ಟು, ಬ್ಯಾರಲ್ ಕೊಟ್ಟದ್ದೆಷ್ಟು ಎಂದು ಬೇರ್ಪಡಿಸುವುದು ಈಗ ಸಾಧ್ಯವಿಲ್ಲ.

ಇಷ್ಟು ದಿನ ಸುಮ್ಮನಿದ್ದ ನೀರು ಅಂದೇ ಏಕೆ ಕಾಡಿತು? ಎಂಜಿನ್‌ಗೆ ಡೀಸೆಲ್ ಒಯ್ಯುವ ಕೊಳವೆಯ ಬಾಯಿ ಟ್ಯಾಂಕಿನ ತಳದಿಂದ ಸ್ವಲ್ಪ ಮೇಲಿರುತ್ತದೆ, ಆದ್ದರಿಂದ ತಳದ ನೀರು ಬಹುಕಾಲ ಅದಕ್ಕೆ ಎಟುಕುವುದಿಲ್ಲ. ನಾವು 60 ಲೀಟರನ್ನು ಅವಸರದಲ್ಲಿ ರಭಸವಾಗಿ ಸುರಿದಾಗ ತಳವೆಲ್ಲ ಕದಡಿ, ನೀರೂ ಲೋಳೆಯೂ ಒಟ್ಟಿಗೆ ಕೊಳವೆಗೆ ನುಗ್ಗಿದವು. ಲೋಳೆ ಎಂದರೆ ಬರೀ ಕೊಳೆಯಲ್ಲ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬೆಳೆಯುವ ಶಿಲೀಂಧ್ರ ಹಾಗೂ ಬ್ಯಾಕ್ಟೀರಿಯಾಗಳ ಪದರ ಅದು. ಫಿಲ್ಟರ್ ಕಟ್ಟಿದ್ದು ಅದರಿಂದ. ಪಂಪ್ ಮತ್ತು ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳ ಒಳಗೆ ಜಾರುವ ಭಾಗಗಳಿಗೆ ಡೀಸೆಲ್ಲೇ ಎಣ್ಣೆಯ ಕೆಲಸ ಮಾಡುತ್ತದೆ, ನೀರಿಗೆ ಆ ಜಾರುಗುಣವಿಲ್ಲ. ಆದ್ದರಿಂದ ಪಂಪ್ ಬಿಚ್ಚಿಸಿ, ನಾಜಲ್‌ಗಳನ್ನು ಬದಲಿಸಬೇಕಾಯಿತು. ಸುಗ್ಗಿಯ ನಡುವೆ ಒಂಬತ್ತು ದಿನ ಬಾಡಿಗೆ ಜನರೇಟರಿನಲ್ಲಿ ಕೆಲಸ ಸಾಗಿಸಿದೆವು.

ಅಂಗಡಿಯಲ್ಲಿ ಸಿಗುವ, ನೀರನ್ನು ಡೀಸೆಲಿನಲ್ಲಿ ಬೆರೆಸಿಬಿಡುವ ದ್ರವವನ್ನು ಹಾಕಿ ಎಂದು ಹಿತೈಷಿಯೊಬ್ಬರು ಹೇಳಿದರು. ತಳದಲ್ಲಿ ಇಷ್ಟು ನೀರು ನಿಂತಿರುವಾಗ ದಯವಿಟ್ಟು ಅದನ್ನು ಮಾಡಬೇಡಿ, ತಳದ ನೀರನ್ನು ನಾವೇ ಕೈಯಾರೆ ನಾಜಲ್‌ವರೆಗೆ ಕಳಿಸಿದಂತಾಗುತ್ತದೆ. ಲೋಳೆ ಇದ್ದರೆ ಅದನ್ನು ಕೊಲ್ಲುವ ಔಷಧಿಯೊಂದೇ ಸಾಲದು. ಸತ್ತ ಲೋಳೆಯೂ ಫಿಲ್ಟರ್ ಕಟ್ಟುತ್ತದೆ, ಟ್ಯಾಂಕನ್ನು ಬಿಚ್ಚಿ ತೊಳೆಯಲೇಬೇಕು.

ಈಗ ನಾವು ಪ್ರತಿ ಸಲ ಓಡಿಸಿದ ಮೇಲೆ, ಎಂಜಿನ್ ಆರಿದ ನಂತರ, ಹಿಗ್ಗಲು ಎರಡು ಬೆರಳು ಜಾಗ ಬಿಟ್ಟು ಟ್ಯಾಂಕನ್ನು ತುಂಬಿಸುತ್ತೇವೆ. ಗಾಳಿಗೆ ಜಾಗವಿಲ್ಲದಿದ್ದರೆ ಬೆವರುವುದಕ್ಕೂ ಆಸ್ಪದವಿಲ್ಲ. ತಿಂಗಳಿಗೊಮ್ಮೆ, ಮತ್ತು ಪಲ್ಪಿಂಗ್ ದಿನಗಳಲ್ಲಿ ವಾರಕ್ಕೊಮ್ಮೆ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲೇ ಡ್ರೈನ್‌ನಿಂದ ಒಂದು ಬಾಟಲಿ ತೆಗೆದು ನೋಡುತ್ತೇವೆ, ಏಕೆಂದರೆ ರಾತ್ರಿಯಿಡೀ ಅಲುಗಾಡದೆ ಇದ್ದಾಗ ನೀರು ಪೂರ್ತಿ ತಳಕ್ಕಿಳಿದಿರುತ್ತದೆ. ಫಿಲ್ಟರಿಗೆ ಮೊದಲು ನೀರು ಬೇರ್ಪಡಿಸುವ ಪಾರದರ್ಶಕ ಬಟ್ಟಲೊಂದನ್ನು ಹಾಕಿಸಿದ್ದೇವೆ. ಬ್ಯಾರಲ್ ಶೆಡ್ಡಿನೊಳಗೆ ಅಡ್ಡ ಮಲಗಿದೆ, ಅದರ ಎರಡು ಮುಚ್ಚಳಗಳೂ ಡೀಸೆಲ್ ಮಟ್ಟದ ಕೆಳಗೆ ಇರುವಂತೆ ಎಡಬಲಕ್ಕೆ ತಿರುಗಿಸಿಟ್ಟಿದ್ದೇವೆ. ತೆಗೆದ ಕೊಳೆ ನೀರಿನಲ್ಲಿ ಡೀಸೆಲ್ ಇರುವುದರಿಂದ ಅದನ್ನು ಹಳ್ಳಕ್ಕೂ ಗಿಡದ ಬುಡಕ್ಕೂ ಚೆಲ್ಲದೆ ಬೇರೆ ಡಬ್ಬದಲ್ಲಿ ಕೂಡಿಡುತ್ತೇವೆ. ಕಳೆದ ವಾರ ತೆಗೆದ ಬಾಟಲಿಯ ತಳದಲ್ಲಿ ಎರಡು ಹನಿ ನೀರಿತ್ತು.