ಟನಲ್ ಟೆಂಟ್: ಯುರೋಪಿನ ಮಳೆ, ಗಾಳಿಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ನಾವಿರುವುದು ಮ್ಯೂನಿಕ್‌ನಲ್ಲಿ. ಬೇಸಿಗೆ ಬಂತೆಂದರೆ ಗಂಡ ಹೆಂಡತಿ ಇಬ್ಬರೂ ನಮ್ಮ ಟನಲ್ ಟೆಂಟನ್ನು, ಅಂದರೆ ಬಾಗಿದ ಕಂಬಿಗಳ ಮೇಲೆ ಸುರಂಗದ ಹಾಗೆ ಉದ್ದಕ್ಕೆ ನಿಲ್ಲುವ ಟೆಂಟನ್ನು, ಕಾರಿಗೆ ಹಾಕಿಕೊಂಡು ಹೊರಟುಬಿಡುತ್ತೇವೆ. ಆಸ್ಟ್ರಿಯಾ, ಸ್ಲೊವೇನಿಯಾ, ಕ್ರೊಯೇಷಿಯಾ, ನಾರ್ವೆ ಎಲ್ಲ ಕಡೆ ಇದರಲ್ಲೇ ಮಲಗಿದ್ದೇವೆ. ಮಳೆಗೆ ಇದನ್ನು ಕಣ್ಣುಮುಚ್ಚಿ ನಂಬಬಹುದು, ಅಡ್ಡಗಾಳಿಗೆ ಮಾತ್ರ ನಂಬಬೇಡಿ. ಮೂವರಿಗೆ ಅಂತ ಮಾರುತ್ತಾರೆ, ಸಾಮಾನು ಇಟ್ಟುಕೊಂಡರೆ ಇಬ್ಬರಿಗೆ ಸರಿಹೋಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಒಳಗಿನ ಟೆಂಟೂ ಹೊರಗಿನ ಹೊದಿಕೆಯೂ ಒಟ್ಟಿಗೇ ಏಳುವುದು. ಬೇರೆ ಹಲವು ಟೆಂಟ್‌ಗಳಲ್ಲಿ ಮೊದಲು ಒಳಗಿನದನ್ನು ನಿಲ್ಲಿಸಿ ಆಮೇಲೆ ಹೊದಿಕೆ ಹಾಕಬೇಕು, ಮಳೆ ಬರುತ್ತಿದ್ದರೆ ಅಷ್ಟರಲ್ಲಿ ಮಲಗುವ ಜಾಗವೇ ಒದ್ದೆ. ಸ್ಲೊವೇನಿಯಾದ ಬೊವೆಟ್ಸ್‌ನಲ್ಲಿ ಇದರ ಬೆಲೆ ಗೊತ್ತಾಯಿತು. ಆಡ್ರಿಯಾಟಿಕ್ ಸಮುದ್ರದ ತೇವದ ಗಾಳಿ ಜೂಲಿಯನ್ ಆಲ್ಪ್ಸ್‌ಗೆ ಬಡಿದು ಅಲ್ಲೇ ಸುರಿಯುತ್ತದೆ, ನಮ್ಮ ಪಶ್ಚಿಮ ಘಟ್ಟದಲ್ಲಿ ಆಗುವ ಹಾಗೇ. ಮಧ್ಯಾಹ್ನ ಸುಡುಬಿಸಿಲು, ಸಂಜೆ ಗುಡುಗು. ರಾತ್ರಿಯಿಡೀ ಹೊಡೆದರೂ ಒಂದು ಹನಿ ಒಳಗೆ ಬರಲಿಲ್ಲ. ಹೊದಿಕೆಯ ಬಟ್ಟೆ ನೀರು ತಡೆಯುವ ಅಳತೆ 3000 ಮಿಲಿಮೀಟರ್, ಅಂದರೆ ಅಷ್ಟು ಎತ್ತರಕ್ಕೆ ನೀರು ನಿಂತರೆ ಬೀಳುವ ಒತ್ತಡವನ್ನು ಸೋರದೆ ತಡೆಯುತ್ತದೆ. ಅಂಗಡಿಯಲ್ಲಿ ಇನ್ನೂ ದೊಡ್ಡ ಅಂಕಿ ತೋರಿಸುತ್ತಾರೆ, ಮಳೆಗೆ ಇಷ್ಟು ಸಾಕು. ನೆಲದ ಬಟ್ಟೆಗೆ ಮಾತ್ರ ಜಾಸ್ತಿ ಬೇಕು, ಮಂಡಿ ಊರಿದ ಕಡೆ ಒತ್ತಡ ಬೀಳುತ್ತದಲ್ವಾ. ಪಾಲಿಯೆಸ್ಟರ್ ಆದ್ದರಿಂದ ಒದ್ದೆಯಾದಾಗ ನೈಲಾನ್‌ನಷ್ಟು ಜೋಲು ಬೀಳುವುದಿಲ್ಲ.

ಗಾಳಿಯ ಕಥೆ ಬೇರೆ. ಕ್ರೊಯೇಷಿಯಾದ ಕರಾವಳಿಯಲ್ಲಿ ವೆಲೆಬಿಟ್ ಬೆಟ್ಟದಿಂದ ಬುರಾ ಅನ್ನುವ ತಣ್ಣನೆಯ ಗಾಳಿ ಇಳಿಯುತ್ತದೆ. ಆಕಾಶ ನೀಲಿಯಾಗಿದ್ದರೂ ಬರುತ್ತದೆ, ಒಂದೇ ಸಮ ಬೀಸದೆ ಬಿಟ್ಟು ಬಿಟ್ಟು ಅಪ್ಪಳಿಸುತ್ತದೆ. ಟೆಂಟಿನ ಹಿಂಭಾಗ ಗಾಳಿಗೆ ಎದುರಾಗಿದ್ದರೆ ಗಟ್ಟಿಯಾಗಿ ನಿಲ್ಲುತ್ತದೆ, ದಿಕ್ಕು ಬದಲಾಗಿ ಪಕ್ಕಕ್ಕೆ ಬಡಿದರೆ ಕಂಬಿ ಬಾಗುತ್ತದೆ. ನಮ್ಮದು ಅಲ್ಲೇ ಮುರಿಯಿತು. ಬೇರೆ ಕಂಬಿಗಾಗಿ ಕಂಪನಿಗೆ ಬರೆದು ಬರೆದು ಸಾಕಾಯಿತು, ಬರುವಷ್ಟರಲ್ಲಿ ಬೇಸಿಗೆಯೇ ಮುಗಿದಿತ್ತು. ಜೊತೆಗೆ ಕೊಡುವ ಗೂಟಗಳೂ ತೀರಾ ತೆಳು. ಉಕ್ಕಿನವು ಬೇರೆ ತಗೊಳ್ಳಿ.

ನಾರ್ವೆಯಲ್ಲಿ ಜನ ಇರುವ ಮನೆಯಿಂದ ಕನಿಷ್ಠ 150 ಮೀಟರ್ ದೂರದಲ್ಲಿ, ಬೇಸಾಯ ಇಲ್ಲದ ಬಯಲಲ್ಲಿ ಯಾರನ್ನೂ ಕೇಳದೆ ಎರಡು ರಾತ್ರಿ ಟೆಂಟ್ ಹಾಕಬಹುದು. ಎಂಥ ಒಳ್ಳೆಯ ಪದ್ಧತಿ! ನಿಷೇಧದ ಬೋರ್ಡ್ ಇದ್ದರೆ ಅಲ್ಲಿ ಹಾಕದೆ ಬೇರೆ ಜಾಗ ನೋಡಿ. ಆದರೆ ಅಲ್ಲಿ ಎಷ್ಟೋ ಕಡೆ ಬರೀ ಬಂಡೆ, ಗೂಟ ಇಳಿಯುವುದಿಲ್ಲ, ಗೂಟ ಇಲ್ಲದೆ ಟನಲ್ ಟೆಂಟ್ ನಿಲ್ಲುವುದಿಲ್ಲ. ಹಗ್ಗಗಳನ್ನು ಭಾರದ ಕಲ್ಲುಗಳಿಗೆ ಕಟ್ಟಬೇಕಾಯಿತು. ಚಳಿಯ ರಾತ್ರಿ ಉಸಿರಿನ ತೇವವೇ ಹೊದಿಕೆಯ ಒಳಗೆ ಹನಿಗಟ್ಟುತ್ತದೆ. ಎಷ್ಟೇ ಚಳಿ ಇರಲಿ, ಗಾಳಿಕಿಂಡಿ ಮುಚ್ಚಬೇಡಿ. ಬೆಳಿಗ್ಗೆ ಒರೆಸಲು ಒಂದು ಬಟ್ಟೆ ಇರಲಿ.

ಈಗೀಗ ಹೊಲಿಗೆ ಮೇಲಿನ ಟೇಪ್ ಅಲ್ಲಲ್ಲಿ ಏಳುತ್ತಿದೆ, ಅಂಟು ಹಚ್ಚಿ ನಡೆಸುತ್ತಿದ್ದೇವೆ. ಕಾರಿನಲ್ಲಿ ಆಲ್ಪ್ಸ್ ಸುತ್ತಮುತ್ತ ಕ್ಯಾಂಪ್‌ಸೈಟ್‌ಗಳ ಹುಲ್ಲಿನ ಮೇಲೆ ಹಾಕುವವರು ಧೈರ್ಯವಾಗಿ ತಗೊಳ್ಳಿ. ನಾರ್ವೆಯ ಬಂಡೆ, ಕಡಲತೀರದ ಗಾಳಿ ಅಂತ ಹೋಗುವವರಿಗೆ ಗೂಟವಿಲ್ಲದೆಯೂ ತಾನೇ ನಿಲ್ಲುವ, ಗುಮ್ಮಟದ ಆಕಾರದ ಡೋಮ್ ಟೆಂಟ್ ವಾಸಿ.